ಹಚ್ಚಿದವರು ಯಾರೂ ತೆಗೆಯಲಿಲ್ಲ

ನಾನು ಶಾಲೆ ಬಿಟ್ಟದ್ದು ೧೯೮೪ರಲ್ಲಿ, ಏಳನೆಯ ಇಯತ್ತೆಯ ನಡುವೆ. ಯಾರೂ ಬಿಡಿಸಲಿಲ್ಲ. ಯಾದಗಿರಿ ಕಡೆಯ ನಮ್ಮ ಊರಿನಿಂದ ಅಪ್ಪ ಗಾರೆ ಕೆಲಸಕ್ಕೆ ಹೈದರಾಬಾದಿಗೆ ಹೊರಟಿದ್ದ. ಅವನ ಕರಣಿ, ತೂಗುಗುಂಡು ಇದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾನೂ ರೈಲು ಹತ್ತಿದೆ. ಮಾಸ್ತರರು ಸ್ಟೇಷನ್ನಿನ ತನಕ ಬಂದು, "ಪರೀಕ್ಷಾ ಮುಗಿಸ್ಕೊಂಡರ ಹೋಗೋ" ಎಂದರು. "ಪರೀಕ್ಷಾ ಅಲ್ಲೂ ಇರತಾವ್ರಿ ಸರ" ಎಂದೆ. ಸೊಕ್ಕಿನ ಮಾತು ಹೌದು, ಸುಳ್ಳು ಮಾತಲ್ಲ.

ಓದು ನಿಂತುಹೋಯಿತಲ್ಲ ಎಂದು ಯಾರಾದರೂ ಮರುಗಿದರೆ ನನಗೆ ಸೇರುವುದಿಲ್ಲ. ಕಲಿಯುವುದನ್ನು ನಾನು ನಿಲ್ಲಿಸಲಿಲ್ಲ. ಅಪ್ಪ ಗಚ್ಚಿನ ಕೆಲಸ ಕಲಿಸಿದ: ಸುಣ್ಣ ಸುಡುವುದು, ತಿಂಗಳುಗಟ್ಟಲೆ ನೆನೆಹಾಕುವುದು, ಮರಳಿನ ಜೊತೆ ಗಾಣದಲ್ಲಿ ಅರೆಯುವುದು, ಬೆಲ್ಲದ ನೀರು ಹಾಕಿ ಹದ ತರುವುದು. ಹೈದರಾಬಾದಿನ ಹಳೆಯ ದೊಡ್ಡ ಕಟ್ಟಡಗಳೆಲ್ಲ ಆ ಗಚ್ಚಿನ ಮೇಲೆ ನಿಂತಿವೆ. ಕಂಪ್ಯೂಟರಿನ ಕಾಲ ಬಂದು, ಊರಿನ ಪಶ್ಚಿಮಕ್ಕೆ ಬಂಡೆಗುಡ್ಡ ಒಡೆದು ಗಾಜಿನ ಕಟ್ಟಡಗಳು ಏಳತೊಡಗಿದಾಗ ನಮ್ಮ ಕಡೆಯ ಮೇಸ್ತ್ರಿಗಳೆಲ್ಲ ಸಿಮೆಂಟು ಹಿಡಿದು ಆ ದಿಕ್ಕಿಗೆ ನಡೆದರು. ನಾನು ಹಳೆಯ ಕಟ್ಟಡಗಳ ಹಿಂದೆಯೇ ಉಳಿದೆ. ಅಲ್ಲಿ ಕೆಲಸ ಗೊತ್ತಿರುವವರು ಕಡಿಮೆ. ಗೊತ್ತಿದ್ದವನಿಗೆ ಮರ್ಯಾದೆ ಹೆಚ್ಚು.

ಜನ ನನ್ನನ್ನು ಆಗಾಗ ಕೇಳುವ ಪ್ರಶ್ನೆ ಒಂದಿದೆ. ಒಂದು ಕಾಲೇಜಿನ ಹಾಲು, ಒಂದು ಆಸ್ಪತ್ರೆಯ ವಾರ್ಡು ದುರಸ್ತಿ ಮಾಡಲು ಅಷ್ಟು ಹಣ ಯಾಕೆ ಬೇಕು? ಅದರಲ್ಲಿ ಹೊಸದೇ ಕಟ್ಟಬಹುದಲ್ಲ? ನಾನೂ ಒಂದು ಕಾಲಕ್ಕೆ ಹಾಗೇ ಕೇಳುತ್ತಿದ್ದೆ, ಮತ್ತು ಒಂದೇ ಶಬ್ದದಲ್ಲಿ ಉತ್ತರ ಕೊಡುತ್ತಿದ್ದೆ: ತಿಂತಾರೆ. ತಿನ್ನುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ತಾರ್ನಾಕದ ಆಚೆ ಒಂದು ಹಳೆಯ ಕಾಲೇಜಿನಲ್ಲಿ ಕೆಲಸ ಮಾಡಿದ ಮೇಲೆ ಆ ಉತ್ತರ ನನಗೆ ಸಾಲದೆ ಹೋಯಿತು.

ಆ ಕಾಲೇಜಿನ ಹೆಸರು ಬೇಡ. ಕಲ್ಲಿನ ಕಟ್ಟಡ. ಅದರ ಎರಡೂ ಮಗ್ಗುಲಿಗೆ ಚಾಚಿದ ಉದ್ದನೆಯ ಒಂದೊಂದು ಭಾಗ, ಅದಕ್ಕೆ ರೆಕ್ಕೆ ಎಂದೇ ಹೆಸರು; ನೆಲಮಾಳಿಗೆ ಇಲ್ಲ, ಮೇಲೆ ಮಹಡಿ ಇಲ್ಲ. ಕಬ್ಬಿಣದ ಗರ್ಡರುಗಳ ನಡುವೆ ಇಟ್ಟಿಗೆಯ ಸಣ್ಣ ಸಣ್ಣ ಕಮಾನು ಕಟ್ಟಿ, ಅದರ ಮೇಲೆ ಗಚ್ಚು ಹಾಕಿದ ಛಾವಣಿ. ಎಡಗಡೆಯ ರೆಕ್ಕೆಯಲ್ಲಿದ್ದ ವಾಚನಾಲಯವನ್ನು ಕಂಪ್ಯೂಟರ್ ಹಾಲು ಮಾಡಬೇಕು, ತಂಪು ಯಂತ್ರ ಕೂರಿಸಬೇಕು. ಉದ್ಘಾಟನೆಗೆ ಯಾವುದೋ ದೊಡ್ಡ ಕಂಪನಿಯ ಮನುಷ್ಯ ವಿಮಾನದಲ್ಲಿ ಬರುವವನಿದ್ದ. ಕೆಲಸ ಹಿಡಿದ ಗುತ್ತಿಗೆದಾರ ದಿಲ್‌ಸುಖ್‌ನಗರದವನು, ನಗುಮುಖದ ತೆಲುಗು ಮನುಷ್ಯ. ಅವನ ಕೈಕೆಳಗೆ ನಾನು ನಮ್ಮೂರಿನ ಗಂಡಸು ಹೆಂಗಸರ ತಂಡ ಕಟ್ಟಿಕೊಂಡು ಹೋದೆ. ಹೆಂಡತಿ ಮತ್ತು ಎಂಟು ತಿಂಗಳ ಮಗಳು ಜೊತೆಗಿದ್ದರು.

ಕಾಲೇಜಿನ ಎಂಜಿನಿಯರ್ ಸಾಹೇಬರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ನನ್ನ ತಂಡದ ಮಾತು ಕಿವಿಗೆ ಬಿದ್ದದ್ದೇ ತಿರುಗಿ ನಿಂತರು.

"ಯಾವೂರಾವ್ರಪಾ?"

ಹೇಳಿದೆ. ಅವರ ಹಿರಿಯರು ಕಲಬುರಗಿಯಿಂದ ನಿಜಾಮರ ಕಾಲದಲ್ಲೇ ನೌಕರಿಗೆ ಬಂದವರಂತೆ. ಮನೆಯಲ್ಲಿ ಕನ್ನಡ, ಹೊರಗೆ ಉಳಿದದ್ದೆಲ್ಲ.

ಮೊದಲ ದಿನವೇ ಅವರ ಬಾಯಿಂದ ಕೆಲಸದ ಒಟ್ಟು ಮೊತ್ತ ಕೇಳಿ ನಾನು ಸುಮ್ಮನಿರಲಿಲ್ಲ. "ಸಾಹೇಬ್ರ, ಇಷ್ಟ ರೊಕ್ಕದಾಗ ನಾ ಎರಡು ಮನಿ ಕಟ್ಟಿ, ಮ್ಯಾಲೆ ಒಂದು ಎಮ್ಮಿನೂ ಕೊಡತೀನ್ರಿ."

"ಎಮ್ಮಿ ಹಾಲು ಕೊಡತೈತೇನು?"

"ಕೊಡತೈತ್ರಿ."

"ಹಂಗಾರ ನನ್ನ ಮನಿಗೆ ಕಳಸು." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಮನಿ ಕಟ್ಟೂದು ಸಸ್ತಾ ಮೇಸ್ತ್ರಿ. ಮಂದಿ ಒಳಗ ಕುಂತಾಗ ಮನಿ ರಿಪೇರಿ ಮಾಡೂದು ತುಟ್ಟಿ. ಒಂದು ವಾರ ಮಾಡು, ತಿಳೀತೈತಿ."

ವಾರ ಬೇಕಾಗಲಿಲ್ಲ. ಪಕ್ಕದಲ್ಲಿ ಪಾಠ ನಡೆಯುವಾಗ ಸುತ್ತಿಗೆ ಎತ್ತುವಂತಿಲ್ಲ. ಮಧ್ಯಾಹ್ನ ಹುಡುಗರು ಊಟಕ್ಕೆ ಹೋದಾಗ ಎತ್ತಬೇಕು, ಗಂಟೆ ಹೊಡೆದರೆ ಇಳಿಸಬೇಕು. ಉಳಿದ ಹೊತ್ತು ಕೂಲಿ ಕೊಟ್ಟು ಕೂರಿಸಿದಂತೆಯೇ. ಧೂಳು ಪುಸ್ತಕಕ್ಕೆ ಹತ್ತಬಾರದೆಂದು ತಾಡಪತ್ರಿಯ ಗೋಡೆ ಕಟ್ಟಿದೆವು. ಪರೀಕ್ಷೆ ಬಂತು, ಅದನ್ನು ಬಿಚ್ಚಿದೆವು. ಪರೀಕ್ಷೆ ಮುಗಿಯಿತು, ಮತ್ತೆ ಕಟ್ಟಿದೆವು. ಲಾರಿ ಮುಂದಿನ ಗೇಟಿನಿಂದ ಬರುವಂತಿಲ್ಲ. ಹಿಂದಿನ ಗೇಟಿನಲ್ಲಿ ಅದು ಹಿಡಿಸುವುದಿಲ್ಲ. ಹೀಗಾಗಿ ಒಡೆದ ಮಣ್ಣನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮೈದಾನ ದಾಟಿಸಬೇಕು. ಒಂದು ದಿನದ ಕೆಲಸ ನಾಲ್ಕು ದಿನ ಹಿಡಿದಾಗ ಯಾರು ಏನು ತಿಂದರು ಹೇಳಿ.

ಇದು ಸಣ್ಣ ಮಾತು. ದೊಡ್ಡ ಮಾತು ತಲೆಯ ಮೇಲಿತ್ತು.

ಎಲ್ಲಿ ಕೆಲಸವೋ ಅಲ್ಲೇ ಬಿಡಾರ, ಇದು ನಮ್ಮವರ ಪದ್ಧತಿ. ಮೈದಾನದ ಮೂಲೆಯಲ್ಲಿ ಜೋಪಡಿ ಹಾಕಲು ಹೋದೆವು. ಅತಿಥಿಗಳ ಕಣ್ಣಿಗೆ ಬೀಳುತ್ತದೆಂದು ಪ್ರಾಂಶುಪಾಲರು ಬೇಡ ಎಂದರಂತೆ. ಗುತ್ತಿಗೆದಾರ ವಾಚನಾಲಯದ ತುದಿಗಿದ್ದ ಹಳೆಯ ಸ್ಟೋರ್ ರೂಮಿನ ಕೀಲಿ ತಂದು ಕೊಟ್ಟ. ಅದೇ ರೆಕ್ಕೆ, ಅದೇ ಛಾವಣಿ. ಮುರಿದ ಬೆಂಚುಗಳನ್ನು ಒಂದು ಕಡೆ ಒಟ್ಟಿ ಚಾಪೆ ಹಾಸಿಕೊಂಡೆವು. ಗರ್ಡರಿಗೆ ಹಿಂದೆ ಫ್ಯಾನು ತೂಗುತ್ತಿದ್ದ ಕೊಂಡಿ ಇತ್ತು. ಹೆಂಡತಿ ಹಳೆಯ ಸೀರೆ ಮಡಚಿ ಅಲ್ಲಿಂದ ಜೋಳಿಗೆ ಇಳಿಬಿಟ್ಟಳು. ಮಗು ಅದರಲ್ಲಿ ಮಲಗಿತು.

ಮಗಳಿಗೆ ಆಗ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಅವಳಿಗಿಂತ ಮೊದಲು ಇಬ್ಬರನ್ನು ನಾವು ಕಳೆದುಕೊಂಡಿದ್ದೆವು. ಹಾಗಾಗಿ ಹೆಂಡತಿ ನಮ್ಮೂರ ಗದ್ದುಗೆಯ ಅಜ್ಜನಿಗೆ, ಹಿಂದೆ ಆಗಿಹೋದ ಶರಣನಿಗೆ, ಹರಕೆ ಹೊತ್ತಿದ್ದಳು. ಅಜ್ಜನ ವಿಭೂತಿ ಹಚ್ಚಿದ ಕೂಸಿಗೆ ಏನೂ ಆಗುವುದಿಲ್ಲ ಎಂಬುದು ನಮ್ಮ ಸೀಮೆಯ ನಂಬಿಕೆ.

ಸ್ಟೋರಿಗೆ ಹೋದ ಕೆಲವೇ ದಿನಕ್ಕೆ, ಬೆಳಗ್ಗೆ ಎದ್ದಾಗ ಮಗುವಿನ ಹಣೆಯ ಮೇಲೆ ಬಿಳಿ ಪುಡಿ ಕಂಡಿತು. ಯಾರೋ ಬೆರಳಿನಿಂದ ಉದುರಿಸಿದ ಹಾಗೆ, ತೆಳ್ಳಗೆ. ಮರುದಿನವೂ ಬಿತ್ತು. ಅದೇ ವಾರ ಜ್ವರ ನಿಂತಿತು.

ಹೆಂಗಸರೆಲ್ಲ ಜೋಳಿಗೆಯ ಸುತ್ತ ಕೈಮುಗಿದು ನಿಂತುಬಿಟ್ಟರು. ಅಜ್ಜ ಯಾದಗಿರಿಯಿಂದ ಇಲ್ಲಿಯ ತನಕ ಬಂದಿದ್ದ. ಒಬ್ಬೊಬ್ಬರೂ ಆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ತಮ್ಮ ಹಣೆಗೆ ಎಳೆದುಕೊಂಡರು, ಕಾಯಿ ಒಡೆದರು. ಮಣ್ಣು ಹೊರಲು ಹೋಗುವ ಮುನ್ನ ಅದು ದಿನದ ನೇಮವೇ ಆಯಿತು.

ನಾನು ಒಂದು ಚಿಟಿಕೆ ತೆಗೆದು ನಾಲಗೆಗೆ ಇಟ್ಟುಕೊಂಡೆ. ಚುರುಕು ಸತ್ತ ಹಳೆಯ ಸುಣ್ಣ. ಅದರೊಳಗೆ ಕಬ್ಬಿಣದ ತುಕ್ಕಿನ ರುಚಿ. ಹಗಲು ಬಿಸಿಲಿಗೆ ಗರ್ಡರು ಹಿಗ್ಗುತ್ತದೆ, ರಾತ್ರಿ ತಂಪಿಗೆ ಕುಗ್ಗುತ್ತದೆ. ಕಬ್ಬಿಣದ ಅಂಚಿನಲ್ಲಿ ಹಿಡಿತ ಬಿಟ್ಟ ಗಚ್ಚು ಬೆಳಗಿನ ಹೊತ್ತಿಗೆ ಉದುರುತ್ತದೆ.

"ಇದು ವಿಭೂತಿ ಅಲ್ಲ, ಗಚ್ಚು. ಜೋಳಿಗಿ ಇಲ್ಲಿಂದ ತೆಗಿ" ಎಂದೆ.

ಹೆಂಡತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ನಿಮಗ ಎಲ್ಲಾ ಗಚ್ಚ ಕಾಣತೈತಿ. ನಾಳೆ ನಾ ಸತ್ತರ ನನ್ನೂ ಅರದು ಗ್ವಾಡಿಗೆ ಬಳೀತೀರಿ."

"ಮ್ಯಾಲಿಂದು ಬಿದ್ದೀತಬೇ."

"ಆ ಎರಡು ಕೂಸು ಎಲ್ಲಿದ್ದೂ? ಗುಡಿಸಲದಾಗ. ಮ್ಯಾಲೆ ಹುಲ್ಲಿತ್ತು. ಹುಲ್ಲು ಬಿದ್ದು ಸತ್ತಾವೇನು?" ಅವಳ ದನಿ ಏರಲಿಲ್ಲ. "ಜ್ವರ ನಿಂತೈತಿ. ನಾ ಈ ಜಾಗ ಬಿಡಂಗಿಲ್ಲ."

ಸಾಹೇಬರಿಗೆ ಹೋಗಿ ಪುಡಿಯ ವಿಷಯ ಹೇಳಿದೆ. ಅವರಿಗೂ ಛಾವಣಿಯ ಮೇಲೆ ಸಂಶಯ ಮೊದಲಿನಿಂದ ಇತ್ತಂತೆ. ಮರುಮಾತಾಡದೆ ಏಣಿ ತರಿಸಿ, ಆ ವಯಸ್ಸಿನಲ್ಲಿ ನನ್ನ ಹಿಂದೆಯೇ ಮೇಲೆ ಹತ್ತಿದರು.

ಒಂದು ಮೂಲೆಯಲ್ಲಿ ನಾನು ಉಳಿ ಹಿಡಿದು ಅಗೆಯುತ್ತ ಹೋದೆ. ಮೇಲೆ ಚೀನಿಮಣ್ಣಿನ ಚೂರು ಕೂರಿಸಿದ ಸಿಮೆಂಟು. ಅದನ್ನು ಎತ್ತಿದರೆ ಕೆಳಗೆ ಡಾಂಬರಿನ ಹಾಳೆ. ಅದರ ಕೆಳಗೆ ಜಲ್ಲಿ ಕಾಂಕ್ರೀಟು, ಅದರ ಕೆಳಗೆ ಕೆಂಪು ಬಿಲ್ಲೆ, ಮತ್ತೆ ಸಿಮೆಂಟು, ಮತ್ತೆ ಬಿಲ್ಲೆ. ಹುಣ್ಣಿನ ಮೇಲೆ ಪಟ್ಟಿ ಕಟ್ಟಿ, ಅದು ಒದ್ದೆಯಾದಾಗ ಬಿಚ್ಚದೆ ಅದರ ಮೇಲೆಯೇ ಇನ್ನೊಂದು ಕಟ್ಟಿದ ಹಾಗೆ. ಮೊಣಕೈ ತನಕ ತೋಳು ಇಳಿಸಿದ ಮೇಲೆ ನನ್ನ ಕೈಗೆ ಮೂಲ ಗಚ್ಚು ತಾಗಿತು. ಅಪ್ಪನಂಥ ಯಾರೋ ಹಾಕಿದ್ದು. ಅದು ಇನ್ನೂ ಗಟ್ಟಿಯಾಗಿತ್ತು. ಹೊತ್ತ ಭಾರಕ್ಕೆ ಕಬ್ಬಿಣ ಸೋತಿತ್ತು. ಗೋಡೆಯೊಳಗೆ ಹೋಗುವ ಕಡೆ ಗರ್ಡರು ತುಕ್ಕು ಹಿಡಿದು ಎಲೆ ಎಲೆಯಾಗಿ ಬಿಚ್ಚಿಕೊಂಡಿತ್ತು.

ಸಾಹೇಬರು ಕೂತು ಕೆಂಪು ಬಿಲ್ಲೆಯೊಂದನ್ನು ಕೈಯಲ್ಲಿ ಹಿಡಿದುಕೊಂಡರು.

"ಇದು ನಂದು" ಎಂದರು. "ನೌಕರಿ ಸೇರಿದ ಹೊಸದಾಗ ಹಾಕಿಸಿದ್ದು. ಭಾಳ ಸೋರತಿತ್ತು."

"ಹಳೇದು ತೆಗಿಸಿ ಹಾಕಸಬೇಕಿತ್ತಲ್ರಿ."

"ಹಚ್ಚೂದು ರಿಪೇರಿ, ಮೇಸ್ತ್ರಿ. ಒಂದ ಸಹಿ ಸಾಕು. ತೆಗಿಯೂದು ಅಂದ್ರ ಕೆಡವೂದು. ಕೆಡವಬೇಕು ಅಂದ್ರ ಕಟ್ಟಡ ಕೆಟ್ಟೈತಿ ಅಂತ ಬರದುಕೊಡಬೇಕು. ಕೆಟ್ಟೈತಿ ಅಂತ ಬರದ ದಿನಾನ ಇದಕ್ಕ ಬೀಗ ಹಾಕಬೇಕಾಗತೈತಿ, ಹುಡುಗರನ್ನ ಎಲ್ಲಿ ಕೂಡ್ರಸೂದು? ನನಗಿಂತ ಮೊದಲಿನಾವ ಬರೀಲಿಲ್ಲ, ನಾ ಬರೀಲಿಲ್ಲ." ಬಿಲ್ಲೆಯನ್ನು ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟರು. "ಈಗ ಬರೀತೀನಿ."

ಬರೆದರು. ಅದು ಪ್ರಾಂಶುಪಾಲರ ಕೋಣೆಗೆ ಹೋಯಿತು, ಅಲ್ಲಿಂದ ಸಮಿತಿಗೆ. ಸಮಿತಿ ಕೂಡುವುದು ಉದ್ಘಾಟನೆ ಆದ ಮೇಲೆ ಎಂದು ಉತ್ತರ ಬಂತು. ಅಲ್ಲಿಯ ತನಕ ಛಾವಣಿ ತಾನಾಗಿ ನಿಲ್ಲಬೇಕು. ಸಾಹೇಬರು ಜಗಳ ಮಾಡಿ, ವಾಚನಾಲಯದ ಗರ್ಡರುಗಳ ಕೆಳಗೆ ಆಸರೆ ಕೊಡಲು ಕಬ್ಬಿಣದ ಕಂಬಗಳನ್ನು ಬಾಡಿಗೆಗೆ ತರಿಸಿದರು. ದಿನದ ಬಾಡಿಗೆ. ಆ ಕಂಬಗಳು ಕೊನೆಗೆ ಛಾವಣಿ ಬಿಚ್ಚಲು ಒಪ್ಪಿಗೆಯ ಕಾಗದ ಬರುವ ತನಕ ನಿಂತವು. ಛಾವಣಿ ಹೊಸದಾಗಿ ಹಾಕುವುದಕ್ಕಿಂತ ಅದನ್ನು ಹಿಡಿದುಕೊಂಡು ಕಾಯುವುದಕ್ಕೇ ಹೆಚ್ಚು ಖರ್ಚಾಯಿತು ಎಂದು ಆಮೇಲೆ ಅವರೇ ಹೇಳಿದರು.

ಸ್ಟೋರಿಗೂ ಕಂಬ ಬೇಕೆಂದು ನಾನು ಗುತ್ತಿಗೆದಾರನನ್ನು ಕೇಳಿದೆ.

"ಏಂ ಕಾದು ಮೇಸ್ತ್ರಿ" ಎಂದ. ಏನೂ ಆಗುವುದಿಲ್ಲ ಎಂಬುದು ಅವನ ಒಂದೇ ಮಂತ್ರ. ಸಾಹೇಬರನ್ನು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

"ಕೇಳಿದ್ನಿ. ಸ್ಟೋರಿನಾಗ ಯಾರೂ ಇಲ್ಲಲ್ಲ, ಅಲ್ಲಿಗೆ ಯಾಕ ಅಂದ್ರು. ಮಂದಿ ಇರೂ ಕಡೆಗಷ್ಟ ಮಂಜೂರಿ ಕೊಟ್ಟಾರ."

"ನಾವಿದೀವಲ್ರಿ."

"ನೀವು ಇದ್ದೀರಿ ಅಂತ ಬರದ್ರ ಇವತ್ತ ಸಂಜಿಕ ಹೊರಗ ಹಾಕತಾರ. ಹಾಕಸಲೇನು?"

ಬೇಡ ಎಂದೆ. ಹೊರಗೆ ಹಾಕಿದರೆ ಹೆಂಡತಿ ಕೂಸನ್ನು ಕಟ್ಟಿಕೊಂಡು ಆ ಗೋಡೆಯ ಹಿಂದೆ ರಸ್ತೆಯ ಮೇಲಾದರೂ ಕೂರುತ್ತಿದ್ದಳೇ ಹೊರತು ಅಜ್ಜನನ್ನು ಬಿಟ್ಟು ಬರುತ್ತಿರಲಿಲ್ಲ. ಬೆಳಗಿನ ಪುಡಿ ಈಗ ಚಿಟಿಕೆಯಷ್ಟಿರಲಿಲ್ಲ. ಜೋಳಿಗೆಯ ಮಡಿಕೆಗಳಲ್ಲಿ ಸೇರುತ್ತಿತ್ತು, ಮಗು ಮೈಮುರಿದರೆ ಬಟ್ಟೆಯಿಂದ ಸುರಿಯುತ್ತಿತ್ತು. ಅಜ್ಜ ಭಾಳ ಕೊಡಾಕತ್ತಾನ ಎಂದು ಹೆಂಗಸರು ಹಿಗ್ಗುತ್ತಿದ್ದರು. ನಾನು ಕೆಲಸದ ನಡುವೆ ತಲೆ ಎತ್ತಿ ತಲೆ ಎತ್ತಿ ನೋಡಿ ಕತ್ತು ನೋಯಿಸಿಕೊಂಡೆ.

ಒಂದು ಬೆಳಗ್ಗೆ ಹೆಂಡತಿಗೆ ಹೇಳಿದೆ: "ಅಜ್ಜ ಇಷ್ಟ ದೂರ ಬಂದಾನ. ಅವನ್ನ ಬರೇ ಗರ್ಡರಕ್ಕ ಜೋತು ಬಿಡೂದು ಚೊಲೋ ಅಲ್ಲ. ಒಂದು ಮಂಟಪ ಮಾಡೂಣು."

"ಈಗ ಬುದ್ಧಿ ಬಂತ್ರಿ ನಿಮಗ" ಎಂದಳು.

ಮಲ್ಕಾಜ್‌ಗಿರಿಯ ಸೆಂಟ್ರಿಂಗ್ ಅಡ್ಡೆಯಿಂದ ದಪ್ಪನೆಯ ನಾಲ್ಕು ಕಟ್ಟಿಗೆ ಕಂಬ, ಒಂದು ತೊಲೆ, ಹಲಗೆಗಳನ್ನು ನನ್ನ ಸ್ವಂತ ದುಡ್ಡಿನಲ್ಲಿ ಕೊಂಡು ತಂದೆ. ಜೋಳಿಗೆಯ ನಾಲ್ಕು ದಿಕ್ಕಿಗೆ ಕಂಬ ನಿಲ್ಲಿಸಿ, ಗರ್ಡರಿನ ಹೊಟ್ಟೆಗೆ ತೊಲೆ ಕೊಟ್ಟು, ಅದರ ಕೆಳಗೆ ಎರಡು ಸಾಲು ಹಲಗೆ ಹೊದಿಸಿ, ಬುಡಕ್ಕೆ ಬೆಣೆ ಬಡಿದು ಬಿಗಿ ಮಾಡಿದೆ. ಜೋಳಿಗೆಯನ್ನು ಕೊಂಡಿಯಿಂದ ಬಿಚ್ಚಿ, ಹಲಗೆಯ ಕೆಳಗೆ ಕಂಬದಿಂದ ಕಂಬಕ್ಕೆ ಹಾಕಿದ ಅಡ್ಡಗಳುವಿಗೆ ಕಟ್ಟಿದೆ. ನಮ್ಮ ಕಡೆ ಮದುವೆಗೆ ಹಂದರದ ಕಂಬ ನೆಡುವ ಶಾಸ್ತ್ರವಿದೆಯಲ್ಲ, ಹೆಂಗಸರು ಅದನ್ನೆಲ್ಲ ಮಾಡಿದರು. ಕಂಬಕ್ಕೆ ಅರಿಸಿನ ಬಳಿದರು, ಕುಂಕುಮ ಇಟ್ಟರು, ಕಾಲೇಜಿನ ಮರದಿಂದಲೇ ಮಾವಿನ ಎಲೆ ತಂದು ಕಟ್ಟಿ ಸೋಬಾನೆ ಹೇಳಿದರು. ಈಗ ಪುಡಿ ಮಗುವಿನ ಮೇಲಲ್ಲ, ಹಲಗೆಯ ಮೇಲೆ ಬೀಳುತ್ತಿತ್ತು. ಅವರು ಏಣಿ ಹಾಕಿ ಅಲ್ಲಿಂದ ತೆಗೆದುಕೊಳ್ಳುತ್ತಿದ್ದರು.

ಗುತ್ತಿಗೆದಾರ ಬಾಗಿಲಲ್ಲಿ ಇಣುಕಿ ಯಾರ ಮದುವೆ ಎಂದು ಕೇಳಿದ. ಛಾವಣಿಯದು ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರು ಬಂದವರು ನಗಲಿಲ್ಲ. ಬೆಣೆಯನ್ನು ಬೂಟಿನ ತುದಿಯಿಂದ ಒತ್ತಿ ನೋಡಿದರು, ಹೊರಗೆ ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಬೂಟು ಬಿಚ್ಚಿ, ಮತ್ತೆ ಒಳಗೆ ಬಂದು ಹಣೆ ಒಡ್ಡಿದರು. ಹೆಂಡತಿ ಕುಂಕುಮ ಹಚ್ಚಿದಳು.

ಹೊರಗೆ ಬಂದ ಮೇಲೆ ನನ್ನೊಬ್ಬನಿಗೆ ಕೇಳುವಂತೆ ಹೇಳಿದರು: "ಗುಡಿಗೆ ಮಂಜೂರಿ ಬೇಕಾಗಂಗಿಲ್ಲ ನೋಡು."

ಉದ್ಘಾಟನೆ ಹತ್ತಿರ ಬಂದಿತ್ತು. ತಂಪು ಯಂತ್ರದ ದೊಡ್ಡ ಪೆಟ್ಟಿಗೆಗಳನ್ನು ಛಾವಣಿಯ ಮೇಲೆ ಇಡಬಾರದು, ನೆಲದ ಮೇಲೆ ಕಟ್ಟೆ ಕಟ್ಟಿ ಇಡಬೇಕು ಎಂದು ಸಾಹೇಬರು ಹೇಳಿದ್ದರು. ಕಟ್ಟೆಗೆ ಮತ್ತೊಂದು ಮಂಜೂರಿ ಬೇಕಿತ್ತು. ಅವರು ಅದಕ್ಕಾಗಿ ಆಫೀಸಿನಲ್ಲಿ ಕೂತಿದ್ದ ಮಧ್ಯಾಹ್ನ, ಗುತ್ತಿಗೆದಾರ ಕ್ರೇನು ತರಿಸಿ ಹಿಂದಿನ ರಸ್ತೆಯಲ್ಲೇ, ಕಾಂಪೌಂಡಿನ ಆಚೆ, ನಿಲ್ಲಿಸಿದ. ಹುಡುಗರ ಊಟದ ಹೊತ್ತು. ನಾನು ಕಂಪ್ಯೂಟರ್ ಹಾಲಿನೊಳಗೆ ಗೋಡೆ ಒಡೆಸುತ್ತಿದ್ದೆ. ಹೆಂಗಸರು ಮಣ್ಣು ಹೊತ್ತು ಮೈದಾನ ದಾಟಿದ್ದರು. ಹೆಂಡತಿ ಹೊರಗೆ ಬೇವಿನ ಮರದಡಿ ಒಲೆಯ ಮುಂದಿದ್ದಳು. ಮಗು ಒಳಗೆ ಮಲಗಿತ್ತು.

ಸುತ್ತಿಗೆ ನಿಂತಾಗ ಕ್ರೇನಿನ ಸದ್ದು ಕೇಳಿ ಹೊರಗೆ ಓಡಿದೆ. ಪೆಟ್ಟಿಗೆ ಆಗಲೇ ಗಾಳಿಯಲ್ಲಿತ್ತು. ಅದು ಹಾಲಿನ ಮೇಲೆ ಹೋಗಲಿಲ್ಲ. ಸ್ಟೋರಿನ ಕಡೆ ತಿರುಗಿತು.

"ಅಲ್ಲಿ ಬ್ಯಾಡ" ಎಂದು ಕೂಗಿದೆ.

"ಅಲ್ಲಿ ಯಾರೂ ಇಲ್ಲವಲ್ಲ" ಎಂದು ಗುತ್ತಿಗೆದಾರ ತೆಲುಗಿನಲ್ಲಿ ಹೇಳಿದ. ಒಳಗೆ ನಾವು ಇರುವುದು ಅವನಿಗೆ ಗೊತ್ತಿತ್ತು. ಕೀಲಿ ಕೊಟ್ಟವನೇ ಅವನು. ಆದರೆ ಅಷ್ಟು ದಿನ ಎಲ್ಲರ ಬಾಯಲ್ಲೂ ಕೇಳಿ ಕೇಳಿ ಅವನಿಗೂ ಅದು ನಿಜವೇ ಆಗಿಬಿಟ್ಟಿತ್ತು ಎಂದು ನನಗೆ ಅನ್ನಿಸುತ್ತದೆ. "ಏಂ ಕಾದು."

ಪೆಟ್ಟಿಗೆ ಕೂತಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮುದುಕರು ಒಣ ಕೆಮ್ಮು ಕೆಮ್ಮಿದಂಥ ಸದ್ದು ಬಂತು, ಬಾಗಿಲಿನಿಂದ ಬಿಳಿ ಧೂಳು ಹೊರಗೆ ಉರುಳಿತು. ಹೆಂಡತಿ ಒಲೆಯಿಂದ ಎದ್ದು ಬಾಗಿಲಿಗೆ ಓಡಿ ಬಂದಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

ನಾನು ಬಾಯಿಗೆ ರುಮಾಲು ಒತ್ತಿಕೊಂಡು ತಡವರಿಸುತ್ತ ಒಳಗೆ ಹೋದೆ. ಚಾಪೆ ಹಾಸುವ ಜಾಗದಲ್ಲಿ ಇಟ್ಟಿಗೆಯ ಗುಡ್ಡ ಬಿದ್ದಿತ್ತು, ಮುರಿದ ಬೆಂಚುಗಳು ಅದರಡಿ ಪುಡಿಯಾಗಿದ್ದವು. ಕೈಗೆ ಒಂದು ಕಂಬ ಸಿಕ್ಕಿತು, ಅರಿಸಿನ ಬಳಿದದ್ದು. ಅದು ನಿಂತಿತ್ತು. ಮಂಟಪ ಒಂದು ಮಗ್ಗುಲಿಗೆ ವಾಲಿತ್ತು, ಒಂದು ಕಂಬ ಉದ್ದಕ್ಕೆ ಸೀಳಿತ್ತು, ಹಲಗೆಗಳ ಮೇಲೆ ಒಂದಿಡೀ ಕಮಾನು ಮತ್ತು ಅದರ ಮೇಲಿನ ಅಷ್ಟೂ ಪದರ ಕೂತಿದ್ದವು. ಜೋಳಿಗೆ ಕೆಳಗೆ ತೂಗುತ್ತಿತ್ತು. ಕೈಹಾಕಿ ಎತ್ತಿಕೊಂಡೆ. ತಲೆಯಿಂದ ಕಾಲಿನ ತನಕ ಬಿಳಿ, ರೆಪ್ಪೆಯೂ ಬಿಳಿ, ಮಿಸುಕಾಟವಿಲ್ಲ. ಹೊರಗಿನ ಬೆಳಕಿಗೆ ತಂದಾಗ ಮಗಳು ಸೀನಿದಳು.

ಹೆಂಡತಿ ಅವಳನ್ನು ಕಸಿದುಕೊಂಡು ಆ ಬಿಳಿಯನ್ನೇ ತನ್ನ ಹಣೆಗೆ ಹಚ್ಚಿಕೊಂಡಳು. ನಾನು ತಡೆಯಲಿಲ್ಲ. ಇಂದಿಗೂ ಅವಳ ಮಾತು ಒಂದೇ: ಹಿಡಿದವನು ಅಜ್ಜ.

ಆಮೇಲೆ ಆ ರೆಕ್ಕೆಗೆ ಬೀಗ ಬಿತ್ತು. ಹುಡುಗರಿಗೆ ಹೊರಗೆ ಕಟ್ಟಡ ಬಾಡಿಗೆಗೆ ಹಿಡಿದರು. ಕಲ್ಲಿನ ಗೋಡೆಗೆ ಪೆಟ್ಟಾಗದಂತೆ ಪದರ ಪದರವಾಗಿ ಛಾವಣಿ ಕೈಯಿಂದ ಬಿಚ್ಚಿಸಿದರು. ಆ ಕೆಲಸವನ್ನೂ ನಾನೇ ಮಾಡಿದೆ. ಖರ್ಚು ಎಲ್ಲಿಗೋ ಹೋಯಿತು. ಊರೆಲ್ಲ ಹೇಳಿತು: ತಿಂದರು.

ವಿಚಾರಣೆ ನಡೆಯಿತು. ಸ್ಟೋರಿನಲ್ಲಿ ಯಾರೂ ಇರಲಿಲ್ಲವೆಂದು ಹೇಳಿದರೆ ಎಲ್ಲರಿಗೂ ಒಳ್ಳೆಯದು, ಮುಂದೆ ಕೆಲಸವೂ ಸಿಗುತ್ತದೆ ಎಂದು ಗುತ್ತಿಗೆದಾರ ಮೆಲ್ಲಗೆ ಹೇಳಿದ. ಇದ್ದರೆಂದರೆ ಮೊದಲು ಕುತ್ತಿಗೆಗೆ ಬರುವುದು ಗೊತ್ತಿದ್ದೂ ಬರೆಯದ ಸಾಹೇಬರಿಗೆ ಎಂಬುದೂ ನನಗೆ ತಿಳಿದಿತ್ತು. ಅವರನ್ನೇ ಕೇಳಿದೆ.

"ಇದ್ದದ್ದು ಇದ್ದಂಗ ಹೇಳು" ಎಂದರು. "ಯಾರೂ ಇಲ್ಲ ಅಂತ ಭಾಳ ಮಂದಿ ಹೇಳಿ ಆಗೈತಿ."

ಸಮಿತಿಯ ಮುಂದೆ ನಿಂತು ಹೇಳಿದೆ: ನನ್ನ ಮಗಳಿದ್ದಳು. ಹೆಬ್ಬೆಟ್ಟಿಗೆ ಮಸಿ ಮುಂದೆ ಮಾಡಿದರು. ಅದನ್ನು ಸರಿಸಿ ಪೆನ್ನು ಕೇಳಿ ಕನ್ನಡದಲ್ಲಿ ಸಹಿ ಹಾಕಿದೆ. ಸಾಹೇಬರ ನಿವೃತ್ತಿಯ ದುಡ್ಡನ್ನು ಬಹಳ ಕಾಲ ತಡೆಹಿಡಿದರು. ಅವರು ನನ್ನ ಮೇಲೆ ಮುನಿಯಲಿಲ್ಲ. ಗುತ್ತಿಗೆದಾರನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಪಶ್ಚಿಮದ ಗಾಜಿನ ಕಡೆಗೆ.

ಆ ಕಾಲೇಜಿಗೆ ಬಲಗಡೆಯೂ ಒಂದು ರೆಕ್ಕೆ ಇದೆ ಎಂದು ಮೊದಲೇ ಹೇಳಿದ್ದೇನೆ. ಒಂದೇ ಕಾಲದ್ದು, ಒಂದೇ ಕಬ್ಬಿಣ. ಎಡಗಡೆಯದಕ್ಕೆ ಎಲ್ಲ ಹಣ ಮುಗಿದಿದ್ದರಿಂದ ಅದನ್ನು ಬಿಚ್ಚಲು ಆಗಲಿಲ್ಲ. ಮುಂದಿನ ಮಳೆಗಾಲ ಅದು ಸೋರಿತು. ಮೇಲೆ ಒಂದು ಪದರ ಹಾಕಿಸಿದರು. ಆ ಕೆಲಸಕ್ಕೆ ನನ್ನನ್ನು ಕರೆದರು, ನಾನು ಹೋಗಲಿಲ್ಲ. ಬೇರೆ ಯಾರೋ ಹಚ್ಚಿದರು. ಅದರ ಕೆಳಗೆ ಈಗಲೂ ಪಾಠ ನಡೆಯುತ್ತದೆ. ಆ ದಾರಿಯಲ್ಲಿ ಬಸ್ಸು ಹೋಗುವಾಗ ನಾನು ಆ ಕಡೆಯ ಕಿಟಕಿಗೆ ಕೂರುತ್ತೇನೆ, ಛಾವಣಿಯ ಗೆರೆ ನೇರ ಇದೆಯೇ ಎಂದು ನೋಡುತ್ತೇನೆ. ಬಸ್ಸಿನ ಓಟದಲ್ಲಿ ಹೇಳಲು ಬರುವುದಿಲ್ಲ.

ಈಗ ನನಗೆ ಇರುವುದು ಇಷ್ಟು. ಮಲ್ಕಾಜ್‌ಗಿರಿಯಲ್ಲಿ ಎರಡು ಕೋಣೆಯ ಮನೆ, ಮೇಲೆ ತಗಡು, ಒಂದೇ ಪದರ. ಅಪ್ಪನ ಕರಣಿ ಒಂದು, ತೂಗುಗುಂಡು ಒಂದು. ಹಳೆಯ ಸ್ಕೂಟರು ಒಂದು. ಸೀಳದೆ ಉಳಿದ ಕಂಬ ಮೂರು. ಹೆಂಡತಿ. ಮಗಳು ಒಬ್ಬಳು.